ಹಳೆಯ ಚಿತ್ರ ಹಿಡಿದು ಕೋಟೆಯ ಸುತ್ತ

ಬೆಂಗಳೂರು ಕೋಟೆಗೆ ಹೋದಾಗಲೆಲ್ಲ ನಾನು ಮೊದಲು ನೋಡುವುದು ದೆಹಲಿ ಬಾಗಿಲ ಸಮೀಪ ಗೋಡೆಗೆ ಕೂರಿಸಿರುವ ಅಮೃತಶಿಲೆಯ ಫಲಕವನ್ನು. ಗೋಡೆಯ ಈ ಒಡಕಿನಿಂದಲೇ 1791ರ ಮಾರ್ಚ್ 21ರಂದು ಬ್ರಿಟಿಷರು ನುಗ್ಗಿದರು ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದಿದೆ. ಯುದ್ಧ ನಡೆದ ನೆಲದಲ್ಲಿ ಗೆದ್ದವರು ಬಿಟ್ಟುಹೋದ ಗುರುತುಗಳಲ್ಲಿ ಇಂದಿಗೂ ಓದಲು ಸಿಗುವುದು ಇದೊಂದೇ ಇರಬೇಕು. ಉಳಿದವನ್ನು ನಾನು ಹುಡುಕಿದ್ದು ಚಿತ್ರಗಳಲ್ಲಿ.

ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆಯ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನಿದ್ದ. ಅವನು ಮೈಸೂರು ಸೀಮೆಯಲ್ಲಿ ಬರೆದುಕೊಂಡ ದೃಶ್ಯಗಳು 1794ರಲ್ಲಿ ಅಚ್ಚಾದವು. ಅವುಗಳಲ್ಲೊಂದು, ಬೆಂಗಳೂರಿನ ಮುತ್ತಿಗೆಯಲ್ಲಿ ಸತ್ತ ಅಧಿಕಾರಿಗಳ ಸಮಾಧಿ ಸ್ಥಳದ ಚಿತ್ರ. ಮಾರ್ಚ್ 7ರಂದು ಪೇಟೆಯ ಬಾಗಿಲಲ್ಲಿ ಬಿದ್ದ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸನ ಗೋರಿಯೂ ಅಲ್ಲಿತ್ತು. ಈಗ ನೆಲದ ಮೇಲೆ ಅದರ ಕುರುಹಿಲ್ಲ.

ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿಕೊಂಡು ಭಾನುವಾರ ಬೆಳಗಿನ ಜಾವ ಹೊರಡುತ್ತಿದ್ದೆ. ಮೊದಲ ಕೆಲವು ವಾರ ಮರಗಳನ್ನೂ ದಿಣ್ಣೆಗಳನ್ನೂ ಹೊಂದಿಸಲು ಹೋಗಿ ಪೂರ್ತಿ ದಾರಿ ತಪ್ಪಿದೆ. ಹೋಮ್ ಸ್ಥಳದಲ್ಲೇ ನಿಂತು ರೇಖೆ ಎಳೆದಿರಬಹುದು, ಆದರೆ ಅಚ್ಚಿಗಾಗಿ ತಾಮ್ರದ ತಗಡಿನ ಮೇಲೆ ಅದನ್ನು ಕೊರೆಯುವವನಿಗೆ ಬೆಂಗಳೂರಿನ ಮರ ಹೇಗಿದ್ದರೇನು? ಖಾಲಿ ಮೂಲೆ ಕಂಡಲ್ಲಿ ಒಂದು ಮರ ನೆಟ್ಟುಬಿಡುತ್ತಾನೆ. ಅಂದಿನಿಂದ ಕಲ್ಲುಕಟ್ಟಡವನ್ನು ಮಾತ್ರ ನಂಬಲು ಕಲಿತೆ: ಬುರುಜಿನ ದುಂಡು, ಬಾಗಿಲು ಯಾವ ಕಡೆಗೆ ತಿರುಗಿದೆ, ನೆರಳು ಎತ್ತ ಬಿದ್ದಿದೆ. ಅದೇ ದಂಡಯಾತ್ರೆಯಲ್ಲಿದ್ದ ಫಿರಂಗಿ ದಳದ ಜೇಮ್ಸ್ ಹಂಟರ್ ಬರೆದ ಚಿತ್ರಗಳೂ 1805ರಲ್ಲಿ ಪ್ರಕಟವಾಗಿವೆ. ಇಬ್ಬರ ಕೈಯಲ್ಲೂ ಬಂದದ್ದನ್ನು ಒಪ್ಪಿಕೊಂಡೆ. ಒಬ್ಬನಲ್ಲಿ ಮಾತ್ರ ಇದ್ದದ್ದರ ಪಕ್ಕ ಪೆನ್ಸಿಲಿನಲ್ಲಿ ಪ್ರಶ್ನೆ ಹಾಕಿದೆ.

ದೊಡ್ಡ ತೊಡಕು ದೂರದ್ದು. ಆಗ ಪೇಟೆಗೂ ಕೋಟೆಗೂ ನಡುವೆ ಬಯಲಿತ್ತು, ಚಿತ್ರಕಾರ ಹಿಂದೆ ಸರಿದು ನಿಲ್ಲಬಹುದಿತ್ತು. ಈಗ ಅಲ್ಲಿ ಕೃಷ್ಣರಾಜ ಮಾರುಕಟ್ಟೆ, ಮೇಲೆ ಮೇಲ್ಸೇತುವೆ. ಹಾಳೆ ಹಿಡಿದು ಹಿಂದೆ ಹಿಂದೆ ನಡೆಯುತ್ತಿದ್ದ ನನ್ನನ್ನು ಹೂವಿನ ವ್ಯಾಪಾರಿಯೊಬ್ಬರು ತೋಳು ಹಿಡಿದು ನಿಲ್ಲಿಸಿದರು. ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿ, "ನಮ್ಮ ಮಾರ್ಕೆಟ್ಟೇ ಇಲ್ಲವಲ್ಲ ಸ್ವಾಮಿ!" ಎಂದರು.

ಮೂರ್‌ಹೌಸ್ ಮತ್ತಿತರರ ನೆನಪಿಗೆ ಮುಂದೆ ಒಂದು ಎತ್ತರದ ಕಂಬವೂ ಎದ್ದಿತ್ತು, ಈಗಿನ ಪಾಲಿಕೆ ಕಚೇರಿಯ ಹತ್ತಿರ. ನೃಪತುಂಗ ರಸ್ತೆಗೆ ಹಿಂದೆ ಇದ್ದ ಸೆನೊಟಾಫ್ (ಸತ್ತವರ ಸ್ಮಾರಕ) ರಸ್ತೆ ಎಂಬ ಹೆಸರು ಅದರಿಂದಲೇ ಬಂದದ್ದು. 1964ರಲ್ಲಿ ಅದನ್ನು ಕೆಡವಿದರು. ದಾಳಿ ಮಾಡಿದವರ ಕಂಬ ಸ್ವತಂತ್ರ ನಗರದ ನಡುವೆ ಏಕೆ ಎಂಬ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಹೆಸರು ಕೆತ್ತಿದ ಕಲ್ಲುಗಳನ್ನು ಬಿಚ್ಚಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಬೇಕಿತ್ತು ಎಂದೇ ಇಂದಿಗೂ ವಾದಿಸುತ್ತೇನೆ. ಶತ್ರುವಿನದಾದರೂ ಅದು ನಮ್ಮ ಊರಿನ ದಾಖಲೆ.

ಇಷ್ಟು ತಿರುಗಿದ ಮೇಲೆ ನನ್ನನ್ನು ಕಾಡಿದ್ದು ಬೇರೆಯೇ. ಸಮಾಧಿಯ ಚಿತ್ರದಲ್ಲಿ ಒಂದೇ ಪಕ್ಷದ ಸತ್ತವರಿದ್ದಾರೆ. ಕೋಟೆ ಕಾಯುತ್ತ ಮಡಿದ ಕಿಲ್ಲೇದಾರ ಬಹಾದೂರ್ ಖಾನ್ ಎಲ್ಲಿ? ಉತ್ತರ ಮಾರುಕಟ್ಟೆಯ ಮಗ್ಗುಲಲ್ಲೇ ಇತ್ತು. ಅವೆನ್ಯೂ ರಸ್ತೆಯ ದರ್ಗಾವೊಂದನ್ನು ಜನ ಆ ಮುತ್ತಿಗೆಯಲ್ಲಿ ಹುತಾತ್ಮನಾದ ಕಿಲ್ಲೇದಾರನದೆಂದು ನಂಬಿ ನಡೆದುಕೊಳ್ಳುತ್ತಾರೆ. ಎಷ್ಟು ಸಲ ಅದರ ಮುಂದೆಯೇ ಹಾದುಹೋಗಿದ್ದೆ!

ಮುಂದಿನ ಭಾನುವಾರ ಅದೇ ವ್ಯಾಪಾರಿಯ ಬಳಿ ಎರಡು ಮೊಳ ಮಲ್ಲಿಗೆ ಕೊಂಡು ದರ್ಗಾಕ್ಕೆ ಹೋದೆ. ನನ್ನ ನಕ್ಷೆಯಲ್ಲಿ ಆ ಜಾಗ ಖಾಲಿಯಿತ್ತು. ಅಲ್ಲಿದ್ದ ಹಿರಿಯರೊಬ್ಬರು ಪೆನ್ಸಿಲ್ ಕೇಳಿ ಪಡೆದು, ತಾವೇ ಗುರುತು ಹಾಕಿಕೊಟ್ಟರು.