ಡಯಾಲಿಸಿಸ್‌ಗೆ ಫಿಸ್ಟುಲಾ: ಶಸ್ತ್ರಚಿಕಿತ್ಸಕನಾಗಿ ನನ್ನ ಅನುಭವ

ಡಯಾಲಿಸಿಸ್ ಯಂತ್ರಕ್ಕೆ ನಿಮಿಷಕ್ಕೆ ಸುಮಾರು 300 ಮಿ.ಲೀ. ರಕ್ತ ಹರಿದು ಬರಬೇಕು. ಚರ್ಮದಡಿಯ ಅಭಿಧಮನಿಯಲ್ಲಿ ಅಷ್ಟು ಹರಿವಿರುವುದಿಲ್ಲ, ಅಪಧಮನಿಗೆ ಪದೇಪದೇ ಸೂಜಿ ಚುಚ್ಚುವಂತಿಲ್ಲ. ಮಣಿಕಟ್ಟಿನ ಬಳಿ ಇವೆರಡನ್ನೂ ನೇರವಾಗಿ ಜೋಡಿಸುವ ವಿಧಾನವನ್ನು ನ್ಯೂಯಾರ್ಕಿನ ಬ್ರೆಸಿಯಾ, ಸಿಮಿನೋ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದರು. ಈ ಜೋಡಣೆಯೇ ಫಿಸ್ಟುಲಾ. ಇಂದಿಗೂ ನನ್ನ ಮೊದಲ ಆಯ್ಕೆ ಅದೇ.

ಫಿಸ್ಟುಲಾ ಗೆಲ್ಲುವುದೋ ಸೋಲುವುದೋ ಎಂಬುದು ಬಹುಮಟ್ಟಿಗೆ ಆಪರೇಷನ್‌ಗೆ ಮೊದಲೇ ತೀರ್ಮಾನವಾಗಿರುತ್ತದೆ. ಬಲಗೈ ಬಳಸುವವರಾದರೆ ಎಡತೋಳಿಗೆ ಪಟ್ಟಿ ಬಿಗಿದು, ಉಬ್ಬಿದ ಅಭಿಧಮನಿಯನ್ನು ಮಣಿಕಟ್ಟಿನಿಂದ ಮೊಣಕೈವರೆಗೆ ಬೆರಳಿನಿಂದ ಸವರುತ್ತಾ ಹೋಗುತ್ತೇನೆ. ರಕ್ತನಾಳಗಳನ್ನು ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಎರಡೂ ನಾಳಗಳು ಕನಿಷ್ಠ 2 ಮಿ.ಮೀ. ಇದ್ದರೆ ಧೈರ್ಯ ಬರುತ್ತದೆ. ಆದರೆ ಎಷ್ಟೋ ರೋಗಿಗಳಲ್ಲಿ, ಹಿಂದೆ ವಾರ್ಡುಗಳಲ್ಲಿ ಹಾಕಿದ ಡ್ರಿಪ್ ಸೂಜಿಗಳಿಂದಾಗಿ, ಆ ನಾಳ ಗಟ್ಟಿಯಾದ ಹುರಿಯಂತೆ ಕೈಗೆ ಸಿಗುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತಿರುವವರ, ಅಂದರೆ ಮೂತ್ರಪಿಂಡ ಸೋಲುತ್ತಿರುವವರ, ಮುಂದೋಳಿಗೆ ಸೂಜಿ ಚುಚ್ಚಬೇಡಿ, ಅಂಗೈಯ ಹಿಂಬದಿಯನ್ನು ಬಳಸಿ ಎಂದು ದಾದಿಯರಿಗೆ ಹೇಳುತ್ತಲೇ ಇರುತ್ತೇನೆ.

ಆ ಭಾಗಕ್ಕಷ್ಟೇ ಅರಿವಳಿಕೆ ಕೊಡುವುದರಿಂದ ರೋಗಿ ಎಚ್ಚರವಾಗಿರುತ್ತಾರೆ, ಮಾತನಾಡುತ್ತಲೂ ಇರುತ್ತಾರೆ. ಅಭಿಧಮನಿಯನ್ನು ಬಿಡಿಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೆರೆಸಿದ ಸಲೈನ್ ತುಂಬಿ ಹಿಗ್ಗಿಸಿ, ಅದು ಎಲ್ಲಿಯೂ ತಿರುಚಿಕೊಂಡಿಲ್ಲವೆಂದು ಖಚಿತಪಡಿಸಿಕೊಂಡ ಬಳಿಕವೇ ಅಪಧಮನಿಯ ಪಕ್ಕವನ್ನು ಸೀಳುತ್ತೇನೆ. 7-0 ಪ್ರೊಲೀನ್ ಎಂಬ ಅತಿ ತೆಳುವಾದ ದಾರದ ಹೊಲಿಗೆಯಲ್ಲಿ ಸೂಜಿ ಅಪಧಮನಿಯ ಒಳಗಿನಿಂದ ಹೊರಕ್ಕೇ ಬರಬೇಕು, ಇಲ್ಲವಾದರೆ ಒಳಪದರ ಎದ್ದು ರಕ್ತ ಹೆಪ್ಪುಗಟ್ಟೀತು. ಕ್ಲ್ಯಾಂಪ್ ತೆಗೆದೊಡನೆ ನಾಳ ತುಂಬಿಕೊಂಡು ಬೆರಳಡಿಯಲ್ಲಿ ಸಣ್ಣಗೆ ಕಂಪಿಸುತ್ತದೆ. ನಾವು ಥ್ರಿಲ್ ಎನ್ನುವುದು ಇದನ್ನೇ. ಕಂಪನವಿಲ್ಲದೆ ಬರೀ ನಾಡಿ ಬಡಿಯುತ್ತಿದ್ದರೆ ಮುಂದೆ ಎಲ್ಲೋ ಅಡಚಣೆಯಿದೆ ಎಂದರ್ಥ. ಅದನ್ನು ಹುಡುಕದೆ ನಾನು ಚರ್ಮ ಮುಚ್ಚುವುದಿಲ್ಲ.

ಫಿಸ್ಟುಲಾ ಪಕ್ವವಾಗಲು, ಅಂದರೆ ನಾಳ ಹಿಗ್ಗಿ ಡಯಾಲಿಸಿಸ್ ಸೂಜಿಗೆ ಸಿದ್ಧವಾಗಲು, ಸಾಮಾನ್ಯವಾಗಿ ಆರು ವಾರವಾದರೂ ಬೇಕು. ಅಲ್ಲಿಯವರೆಗೆ ಮೆತ್ತನೆಯ ಚೆಂಡು ಹಿಸುಕುವ ವ್ಯಾಯಾಮ ಹೇಳಿಕೊಡುತ್ತೇನೆ. ಆ ಕೈಯಲ್ಲಿ ಬಿ.ಪಿ. ನೋಡಿಸಬಾರದು, ಪರೀಕ್ಷೆಗೆ ರಕ್ತ ಕೊಡಬಾರದು, ಬಿಗಿಯಾದ ಬಳೆ, ಗಡಿಯಾರ ಬೇಡ. ಸಕ್ಕರೆ ಕಾಯಿಲೆಯವರಲ್ಲಿ, ಅದರಲ್ಲೂ ಮೊಣಕೈ ಬಳಿ ಜೋಡಿಸಿದಾಗ, ಬೆರಳುಗಳು ತಣ್ಣಗಾಗಿ ನೋಯತೊಡಗಿದರೆ ತಡಮಾಡದೆ ಬರಬೇಕು. ಬೆಳಗೆದ್ದು ಕಂಪನವನ್ನು ಮುಟ್ಟಿ ನೋಡಿಕೊಳ್ಳುವುದನ್ನು ಮನೆಯವರಿಗೂ ಕಲಿಸಿಯೇ ಕಳುಹಿಸುತ್ತೇನೆ. ಅದು ನಿಂತಿದ್ದರೆ ಮುಂದಿನ ಡಯಾಲಿಸಿಸ್ ದಿನದವರೆಗೆ ಕಾಯದೆ ಅಂದೇ ಬಂದರೆ ಹೆಪ್ಪನ್ನು ತೆಗೆದು ಫಿಸ್ಟುಲಾ ಉಳಿಸಿಕೊಳ್ಳುವ ಅವಕಾಶ ಇನ್ನೂ ಇರುತ್ತದೆ.