ಎಷ್ಟು ತೊಳೆದರೂ ಹೋಗದ ಚುಕ್ಕೆಗಳು

ದ್ರವಸ್ಫಟಿಕ ಅಂದರೆ ದ್ರವದಂತೆ ಹರಿದರೂ ಅಣುಗಳು ಒಂದೇ ದಿಕ್ಕಿಗೆ ಸಾಲಾಗಿರುವ ವಸ್ತು. ಅದರ ಹನಿಗಳನ್ನು ಮೊದಲ ಸಲ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಹನಿ ಹನಿಯಲ್ಲೂ ಎದುರುಬದುರಾಗಿ ಎರಡು ಚುಕ್ಕೆಗಳಿದ್ದವು. ಕೊಳೆ ಅಂದುಕೊಂಡೆ. ಗಾಜು ತೊಳೆದೆ, ನೀರು ಸೋಸಿದೆ. ಎರಡು ದಿನ ಇದೇ ಕೆಲಸ. ಚುಕ್ಕೆ ಹೋಗಲಿಲ್ಲ.

ನಾನು ಬಳಸಿದ್ದು 5ಸಿಬಿ ಎಂಬ ದ್ರವಸ್ಫಟಿಕ. 1970ರ ದಶಕದಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಗ್ರೇ ಮತ್ತು ಸಂಗಡಿಗರು ತಯಾರಿಸಿದ ವಸ್ತು. ನೋಡಲು ಮಜ್ಜಿಗೆ ತರಹ ಮಸುಕು, ಸುಮಾರು 35 ಡಿಗ್ರಿ ದಾಟಿದರೆ ನೀರಿನಂತೆ ತಿಳಿ. ಸಣ್ಣ ಸೀಸೆಯಲ್ಲಿ ಶುದ್ಧ ನೀರು ಹಾಕಿ, ಸೂಜಿಮೊನೆಯಷ್ಟು 5ಸಿಬಿ ಬಿಟ್ಟು, ಚೆನ್ನಾಗಿ ಕುಲುಕಿದರೆ ಹನಿಗಳು ಸಿದ್ಧ. ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜಾದ ಕವರ್‌ಸ್ಲಿಪ್ ಮಾತ್ರ ನೇರವಾಗಿ ಮುಚ್ಚಬೇಡಿ. ನಾನು ಮುಚ್ಚಿದೆ, ಹನಿಗಳೆಲ್ಲ ದೋಸೆಯಂತೆ ಚಪ್ಪಟೆಯಾದವು. ಎರಡು ಅಂಚಿಗೂ ಟೇಪಿನ ತುಂಡು ಕೊಟ್ಟ ಮೇಲೆ ದುಂಡಗೆ ಉಳಿದವು.

ಚುಕ್ಕೆಯ ಗುಟ್ಟು ಹೊಳೆದದ್ದು ಮಗಳ ತಲೆ ಬಾಚುವಾಗ. ನೆತ್ತಿಯಲ್ಲಿ ಸುಳಿ ಇರುತ್ತದಲ್ವಾ? ಚೆಂಡಿನ ತುಂಬ ಕೂದಲಿದ್ದರೆ, ಹೇಗೇ ಬಾಚಿ, ಸುಳಿ ತಪ್ಪುವುದಿಲ್ಲ. ಎಲ್ಲ ಸುಳಿಗಳ ಲೆಕ್ಕ ಕೂಡಿದರೆ ಎರಡೇ ಬರಬೇಕು. 5ಸಿಬಿಯ ಕಡ್ಡಿಯಂಥ ಅಣುಗಳು ನೀರಿಗೆ ತಾಗುವ ಕಡೆ ಮಲಗುತ್ತವೆ. ಮಲಗಿದ ಕಡ್ಡಿಗಳು ಗೋಳವನ್ನು ಮುಚ್ಚಬೇಕೆಂದರೆ ಎರಡು ತುದಿಗೆ ಒಂದೊಂದು ಸುಳಿ ಬೇಕೇ ಬೇಕು. ಪುಸ್ತಕದಲ್ಲಿ ಇದನ್ನು ದೋಷ ಅನ್ನುತ್ತಾರೆ. ನನಗೆ ಆ ಹೆಸರು ಈಗಲೂ ಒಪ್ಪಿಗೆಯಿಲ್ಲ.

ಹಾಗಾದರೆ ಕಡ್ಡಿಗಳನ್ನು ಎಬ್ಬಿಸಿ ನಿಲ್ಲಿಸಿದರೆ? ಟೂತ್‌ಪೇಸ್ಟಿನಲ್ಲಿ ನೊರೆ ತರುವ ಎಸ್‌ಡಿಎಸ್ ಅದನ್ನು ಮಾಡುತ್ತದೆ. ಅದರ ದ್ರಾವಣವನ್ನು ಕವರ್‌ಸ್ಲಿಪ್‌ನ ಒಂದು ಅಂಚಿಗೆ ಬಿಟ್ಟು, ಇನ್ನೊಂದು ಅಂಚಿಗೆ ಫಿಲ್ಟರ್ ಪೇಪರ್ ತಾಗಿಸಿ ಮೆಲ್ಲಗೆ ಎಳೆದೆ. ಅವಸರ ಮಾಡಿದರೆ ಹನಿಗಳು ಕೊಚ್ಚಿಹೋಗುತ್ತವೆ. ಒಂದೇ ಹನಿಯ ಮೇಲೆ ಕಣ್ಣಿಟ್ಟು ಕೂತೆ. ಒಂದು ಚುಕ್ಕೆ ಮಸುಕಾಗಿ ಮಾಯವಾಯಿತು. ಇನ್ನೊಂದು ಅಂಚು ಬಿಟ್ಟು ಒಳಗೆ ಜಾರಿತು, ನಡುವಿಗೆ ಬಂದು ನಿಂತಿತು. ಎದ್ದು ನಿಂತ ಕಡ್ಡಿಗಳೆಲ್ಲ ಮುಖ ಮಾಡುವುದು ಅಲ್ಲಿಗೇ. ಬಿಸಿ ಬದಲಿಸಿ ಇಂಥದ್ದೇ ಪಯಣವನ್ನು ಭೌತವಿಜ್ಞಾನಿಗಳಾದ ವೊಲೊವಿಕ್ ಮತ್ತು ಲವ್ರೆಂಟೊವಿಚ್ 1983ರಲ್ಲೇ ವಿವರಿಸಿದ್ದರು. ಓದಿದ್ದೆ, ಆದರೂ ಕಣ್ಣೆದುರು ನಡೆದಾಗ ಉಸಿರು ಬಿಗಿಹಿಡಿದಿದ್ದೆ.

ಬೆಳಕಿನ ಒಂದೇ ದಿಕ್ಕಿನ ಕಂಪನವನ್ನು ಮಾತ್ರ ಬಿಡುವ, ಒಂದಕ್ಕೊಂದು ಅಡ್ಡ ಇಟ್ಟ ಎರಡು ಪೋಲರೈಸರ್‌ಗಳ ನಡುವೆ ಈಗ ಹನಿಯಲ್ಲಿ ಕಪ್ಪು ಶಿಲುಬೆ. ಸ್ಲೈಡ್ ಇಡುವ ತಟ್ಟೆಯನ್ನು (ಸ್ಟೇಜ್) ತಿರುಗಿಸಿದರೂ ಶಿಲುಬೆ ತಿರುಗಲಿಲ್ಲ, ಹನಿ ಎಲ್ಲ ದಿಕ್ಕಿನಿಂದಲೂ ಒಂದೇ. ಸ್ಲೈಡನ್ನು 36 ಡಿಗ್ರಿಗೆ ಬಿಸಿ ಮಾಡಿದೆ, ಎಲ್ಲ ಕಪ್ಪಾಯಿತು. ತಣಿಯಲು ಬಿಟ್ಟೆ. ಶಿಲುಬೆ ಮತ್ತೆ ಮೂಡಿತು, ಸರಿಯಾಗಿ ನಡುವೆ ಅದೇ ಚುಕ್ಕೆಯೊಂದಿಗೆ.