ಆಟಿಯ ಮಳೆಗೆ ಮಲಗಿದ ಡಿಸ್ಕ್ ಅರೇ: ನನ್ನ ಅನುಭವ

ಆಟಿ ತಿಂಗಳ ಒಂದು ರಾತ್ರಿ ಕಾಸರಗೋಡಿನ ಬದಿಯಡ್ಕದ ಕಡೆ ಬೀಸಿದ ಗಾಳಿಗೆ ಹಲಸಿನ ಗೆಲ್ಲೊಂದು ವಿದ್ಯುತ್ ತಂತಿಯ ಮೇಲೆ ಮುರಿದುಬಿದ್ದು, ಬೆಳಗಿನ ಜಾವದವರೆಗೂ ಕರೆಂಟ್ ಬರಲಿಲ್ಲ. ನಾನು ನೋಡಿಕೊಳ್ಳುವ ಸರ್ವರ್ ಕೋಣೆಯ ಯುಪಿಎಸ್ ಅಷ್ಟು ಹೊತ್ತು ತಾಳುವಂಥದ್ದಲ್ಲ. ಕುಂಬಳೆ ಸೀಮೆಯ ತಾಳಮದ್ದಳೆಗಳ ಧ್ವನಿಮುದ್ರಣಗಳು, ಹಳೆಯ ಕಡತಗಳ ಸ್ಕ್ಯಾನ್ ಪ್ರತಿಗಳು, ಎಲ್ಲವೂ ಇರುವುದು ಅಲ್ಲಿನ ಒಂದು ಡಿಸ್ಕ್ ಅರೇಯಲ್ಲಿ, ಎಂದರೆ ಹಲವು ಡಿಸ್ಕ್‌ಗಳನ್ನು ಒಂದಾಗಿ ದುಡಿಸುವ ಸಂಗ್ರಹ ವ್ಯವಸ್ಥೆಯಲ್ಲಿ. ಡಿಸ್ಕ್‌ಗಳನ್ನು ಆಳುವ ಎರಡು ಕಂಟ್ರೋಲರ್‌ಗಳೂ ಹನ್ನೆರಡು ಡಿಸ್ಕ್‌ಗಳೂ ಇರುವ ಮುಖ್ಯ ಪೆಟ್ಟಿಗೆ ಮೇಲೆ. ಸ್ಯಾಸ್ ಕೇಬಲ್‌ನಿಂದ ಅದಕ್ಕೆ ಜೋಡಿಸಿದ, ಇನ್ನೂ ಹನ್ನೆರಡು ಡಿಸ್ಕ್‌ಗಳ ಶೆಲ್ಫ್ ಕೆಳಗೆ.

ನಾನು ತಲುಪುವಾಗ ಸರ್ವರ್ ಎದ್ದಿತ್ತು, ಆದರೆ ಅದಕ್ಕೆ ಅರೇಯಲ್ಲಿನ ಡೇಟಾ ವಾಲ್ಯೂಮ್ (ಕಡತಗಳಿರುವ ಜಾಗ) ಕಾಣುತ್ತಿರಲಿಲ್ಲ. ಅರೇಯ ಮುಂಭಾಗದಲ್ಲಿ ಹಳದಿ ದೀಪ ಉರಿಯುತ್ತಿತ್ತು. ನಿರ್ವಹಣಾ ಪುಟವು ನಮ್ಮ ರೇಡ್ 6 ಗುಂಪನ್ನು (ಕೆಲವು ಕೆಟ್ಟರೂ ಡೇಟಾ ಉಳಿಯುವಂತೆ ಜೋಡಿಸಿದ ಡಿಸ್ಕ್‌ಗಳ ಕೂಟವನ್ನು) ಆಫ್‌ಲೈನ್ ಎಂದು ತೋರಿಸಿ, ಅದರ ಹನ್ನೆರಡು ಡಿಸ್ಕ್‌ಗಳಲ್ಲಿ ಆರು ಕಾಣೆಯಾಗಿವೆ ಎಂದಿತ್ತು. ಎರಡು ಡಿಸ್ಕ್ ಹೋದರೂ ರೇಡ್ 6 ಉಳಿಯುತ್ತದೆ, ಆರು ಹೋದರೆ ಉಳಿಯುವುದಿಲ್ಲ ಎಂಬ ಲೆಕ್ಕ ತಲೆಯಲ್ಲಿ ಓಡಿ, ಅರೆಕ್ಷಣ ಕೈಕಾಲು ತಣ್ಣಗಾದದ್ದು ನಿಜ. ಆದರೆ ಕಾಣೆಯಾದ ಆರೂ ಕೆಳಗಿನ ಶೆಲ್ಫಿನವೇ ಆಗಿದ್ದವು. ಒಂದೇ ಶೆಲ್ಫಿನ ಡಿಸ್ಕ್‌ಗಳು ಒಟ್ಟಿಗೆ ಮಾಯವಾದರೆ ಮೊದಲು ನೋಡಬೇಕಾದದ್ದು ಡಿಸ್ಕ್‌ಗಳನ್ನಲ್ಲ, ಅವುಗಳಿಗೆ ಬರುವ ಕರೆಂಟ್ ಮತ್ತು ಕೇಬಲ್ಲನ್ನು.

ಬಗ್ಗಿ ನೋಡಿದರೆ ಶೆಲ್ಫಿನಲ್ಲಿ ಒಂದು ದೀಪವೂ ಇಲ್ಲ. ಅದಕ್ಕೆ ಎರಡು ಪವರ್ ಸಪ್ಲೈಗಳಿವೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದೇ ಎರಡು. ಆದರೆ ಎರಡರ ವಯರನ್ನೂ ಒಂದೇ ಸ್ಟ್ರಿಪ್ಪಿಗೆ ಸಿಕ್ಕಿಸಿದವನು ನಾನೇ. ಕರೆಂಟ್ ಮರಳಿದಾಗ ಎಲ್ಲ ಯಂತ್ರಗಳೂ ಒಮ್ಮೆಲೇ ಎಳೆದ ಹೊರೆಗೆ ಆ ಸ್ಟ್ರಿಪ್ಪಿನ ಎಂಸಿಬಿ ಬಿದ್ದಿತ್ತು. ಅದನ್ನು ಮೇಲೆತ್ತಿದೆ, ಡಿಸ್ಕ್‌ಗಳು ಎರಡೆರಡಾಗಿ ಗುಂಯ್‌ಗುಟ್ಟುತ್ತ ತಿರುಗತೊಡಗಿದವು. ಸುತ್ತಲು ಶುರುಮಾಡುವ ಆ ಕೆಲವು ಸೆಕೆಂಡುಗಳಲ್ಲಿ ಇಂಥ ಒಂದು ಡಿಸ್ಕ್ 12 ವೋಲ್ಟ್ ಸಾಲಿನಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ, ಆದ್ದರಿಂದಲೇ ಶೆಲ್ಫ್ ಅವನ್ನು ಸರತಿಯಲ್ಲಿ ಎಬ್ಬಿಸುತ್ತದೆ.

ಇಲ್ಲಿಗೆ ಮುಗಿಯಿತೆಂದುಕೊಂಡೆ, ಮುಗಿದಿರಲಿಲ್ಲ. ತಡವಾಗಿ ಎದ್ದ ಆ ಆರು ಡಿಸ್ಕ್‌ಗಳನ್ನು ಕಂಟ್ರೋಲರ್ ತನ್ನವೆಂದು ಒಪ್ಪದೆ ‘ಫಾರಿನ್’ ಎಂದು ಪಟ್ಟಿಮಾಡಿ, ಪಕ್ಕದಲ್ಲೇ ‘ಕ್ಲಿಯರ್’ ಎಂಬ ಬಟನ್ ಕೊಟ್ಟಿತ್ತು. ಇಡೀ ಕೋಣೆಯಲ್ಲಿ ನಾನು ಹೆದರುವುದು ಆ ಬಟನ್ನಿಗೆ. ಅದು ಅಳಿಸುವುದು ದೋಷದ ಸೂಚನೆಯನ್ನಲ್ಲ, ಡಿಸ್ಕ್ ಯಾವ ಗುಂಪಿಗೆ ಸೇರಿದ್ದೆಂಬ ಗುರುತನ್ನು. ಪರದೆಯ ಫೋಟೊ ತೆಗೆದು, ಲಾಗ್ ಇಳಿಸಿಕೊಂಡು, ಕೈಕಟ್ಟಿ ಕುಳಿತು ಯೋಚಿಸಿದೆ. ಕರೆಂಟ್ ಬಂದ ಮೇಲೆ ಗುಂಪು ಒಂದು ಗಳಿಗೆಯೂ ಆನ್‌ಲೈನ್ ಆಗಿಲ್ಲ, ಹಾಗಾಗಿ ಅದರ ಯಾವ ಡಿಸ್ಕಿನ ಮೇಲೂ ಹೊಸದಾಗಿ ಏನೂ ಬರೆದಿಲ್ಲ. ಅಂದರೆ ಗುಂಪಿನ ಹನ್ನೆರಡು ಡಿಸ್ಕ್‌ಗಳ ಲೆಕ್ಕವೂ ಇನ್ನೂ ಒಂದೇ ಆಗಿರಬೇಕು. ಕೆಟ್ಟಿರುವುದು ಎದ್ದ ಕ್ರಮ ಮಾತ್ರ.

ಹಾಗಾಗಿ ಸರ್ವರ್, ಕಂಟ್ರೋಲರ್‌ಗಳು, ಶೆಲ್ಫ್ ಎಂಬ ಕ್ರಮದಲ್ಲಿ ಎಲ್ಲವನ್ನೂ ಆರಿಸಿ, ಶೆಲ್ಫಿನ ಒಂದು ವಯರನ್ನು ಬೇರೆ ಸ್ಟ್ರಿಪ್ಪಿಗೆ ಹಾಕಿ, ಮೊದಲು ಶೆಲ್ಫನ್ನು ಎಬ್ಬಿಸಿದೆ. ಅದರ ಎಲ್ಲ ದೀಪಗಳೂ ಹಸಿರಾಗಿ ನಿಲ್ಲುವವರೆಗೆ ಮೂರು ನಿಮಿಷ ಕಾದು ಮುಖ್ಯ ಪೆಟ್ಟಿಗೆಯನ್ನು, ಅದು ಪೂರ್ತಿ ಸಿದ್ಧವಾದ ಮೇಲೆ ಸರ್ವರನ್ನು ಹಾಕಿದೆ. ಗುಂಪು ತಾನಾಗಿಯೇ ಆನ್‌ಲೈನ್ ಆಯಿತು.

ಬಳಿಕ ಉಳಿದದ್ದು ಸಂಪರ್ಕದ ಗೋಳು, ಮತ್ತು ನನ್ನ ಹೊತ್ತು ಹೆಚ್ಚು ತಿಂದದ್ದು ಅದೇ. ಸರ್ವರ್ ಅರೇಗೆ ಐ-ಸ್ಕಸಿ (ದೂರದ ಡಿಸ್ಕನ್ನು ಜಾಲದಲ್ಲಿ ಬಳಸುವ ವಿಧಾನ) ಮೂಲಕ ಲಾಗಿನ್ ಆಗುತ್ತಿತ್ತು, ವಾಲ್ಯೂಮಿನ ಹೆಸರೂ ಕಾಣುತ್ತಿತ್ತು, ಆದರೆ ಬಳಕೆಗೆ ತೆರೆಯಲು ಮೌಂಟ್ ಮಾಡಹೊರಟರೆ ಅಲ್ಲೇ ಕಲ್ಲಾಗಿ ನಿಲ್ಲುತ್ತಿತ್ತು. ಅತ್ತಲಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಪಿಂಗ್ ಸರಾಗವಾಗಿ ಹೋಗುತ್ತಿದ್ದುದರಿಂದ ಜಾಲ ಸರಿಯಿದೆ ಎಂದು ನಂಬಿ ಒಂದು ಗಂಟೆ ಪಾಸ್‌ವರ್ಡ್, ಅನುಮತಿ ಎಂದು ಎಲ್ಲೆಲ್ಲೋ ಹುಡುಕಿದೆ. ಕೊನೆಗೆ ತುಂಡರಿಸಬಾರದೆಂಬ ಸೂಚನೆಯೊಂದಿಗೆ 8972 ಬೈಟ್‌ಗಳ ಪಿಂಗ್ ಕಳಿಸಿದೆ: ಒಂದೂ ಮರಳಲಿಲ್ಲ. ಸರ್ವರ್ ಮತ್ತು ಅರೇ ಎರಡರಲ್ಲೂ ಎಂಟಿಯು, ಎಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, 9000 ಬೈಟ್ ಇದೆ. ಹೆಡರ್‌ಗಳ 28 ಬೈಟ್ ಕಳೆದರೆ ಉಳಿಯುವುದೇ ಈ 8972. ನಡುವಿನ ಸ್ವಿಚ್ಚಿನಲ್ಲಿ ನಾನು ಹಿಂದೆ ಇಂಥ ದೊಡ್ಡ ಪ್ಯಾಕೆಟ್‌ಗಳನ್ನು ಬಿಡುವ ಜಂಬೊ ಫ್ರೇಮ್ ಹಾಕಿದ್ದೆನೇ ಹೊರತು ಸೇವ್ ಮಾಡಿರಲಿಲ್ಲ. ಕರೆಂಟ್ ಹೋದಾಗ ಅದು ತನ್ನ ಹಳೆಯ 1500ಕ್ಕೆ ಮರಳಿತ್ತು. ಲಾಗಿನ್ನಿನ ಸಣ್ಣ ಪ್ಯಾಕೆಟ್‌ಗಳು ದಾಟುತ್ತಿದ್ದವು, ಡೇಟಾ ಹೊತ್ತ ದೊಡ್ಡವು ಸದ್ದಿಲ್ಲದೆ ಬೀಳುತ್ತಿದ್ದವು. ಮತ್ತೆ ಹಾಕಿ, ಈ ಬಾರಿ ಸೇವ್ ಮಾಡಿ, ಮೌಂಟ್ ಮಾಡಿದೆ, ಕಡತಗಳು ಕಂಡವು.

ಆದರೂ ಎರಡನೆಯ ಕಂಟ್ರೋಲರಿನ ದಾರಿ ಬಹಳ ನಿಧಾನವಾಗಿತ್ತು. ಅದರ ಲಿಂಕ್ ಗಿಗಾಬಿಟ್ ಬದಲು 100 ಮೆಗಾಬಿಟ್‌ಗೆ ಇಳಿದಿತ್ತು. ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕು ಜೋಡಿ ತಂತಿಗಳೂ ಬೇಕು, 100ಕ್ಕೆ ಎರಡೇ ಸಾಕು. ಎಂದರೆ ಎಲ್ಲೋ ಒಂದು ಜೋಡಿ ಸತ್ತಿದೆ. ಪ್ಲಗ್ ಎಳೆದಾಗ ಸ್ವಿಚ್ಚಿನ ಪೋರ್ಟಿನಿಂದ ಸಣ್ಣ ಇರುವೆಗಳ ಸಾಲೇ ಹೊರಬಂತು. ಬಿಳಿ ಮೊಟ್ಟೆಗಳನ್ನು ಕಚ್ಚಿಕೊಂಡು ಓಡುತ್ತಿದ್ದವು. ಮಳೆಗಾಲದಲ್ಲಿ ನಮ್ಮೂರಿನ ಇರುವೆಗಳಿಗೆ ಇದಕ್ಕಿಂತ ಬೆಚ್ಚಗಿನ ಒಣ ಜಾಗ ಬೇರೆಲ್ಲಿ ಸಿಗಬೇಕು? ಪೋರ್ಟಿನ ಎರಡು ಪಿನ್ನುಗಳು ಹಸಿರುಗಟ್ಟಿದ್ದವು. ಆ ಪೋರ್ಟನ್ನು ಬಿಟ್ಟು ಬೇರೊಂದಕ್ಕೆ ಹೊಸ ಕೇಬಲ್ ಹಾಕಿದ ಮೇಲೆ ಎರಡೂ ದಾರಿಗಳು ಸಮವಾದವು.

ಡಿಸ್ಕಿಗೆ ಬರೆಯುವ ವೇಗ ಮಾತ್ರ ಮಧ್ಯಾಹ್ನದವರೆಗೆ ಮಂದವಾಗಿಯೇ ಇತ್ತು. ಅದು ದೋಷವಲ್ಲ, ಕ್ಯಾಶ್‌ನ (ಬರೆಯುವ ಡೇಟಾವನ್ನು ತಾತ್ಕಾಲಿಕವಾಗಿ ಇರಿಸುವ ಮೆಮೊರಿಯ) ಖಾಲಿಯಾದ ಬ್ಯಾಟರಿ ತುಂಬುವವರೆಗೆ ಕಂಟ್ರೋಲರ್ ಪ್ರತಿಯೊಂದು ಬರಹವನ್ನೂ ನೇರ ಡಿಸ್ಕಿಗೇ ಬರೆಯುತ್ತದೆ. ಆ ಬಿಡುವಿನಲ್ಲಿ ಎಬ್ಬಿಸುವ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ರ‍್ಯಾಕಿನ ಬಾಗಿಲಿಗೆ ಅಂಟಿಸಿದೆ. ರಾತ್ರಿ ಕಾವಲಿನವರಿಗೆ ಕನ್ನಡ ಓದಲು ಬಾರದು, ಆದ್ದರಿಂದ ಕೆಳಗೆ ಅದನ್ನೇ ಮಲಯಾಳದಲ್ಲಿಯೂ ಬರೆಸಿದೆ.